ಸಣ್ಣಪುಟ್ಟ ಸಾಮಾನಿನ ಡ್ರಾಯರ್ ಬಿಚ್ಚಿ ಜೋಡಿಸುವುದು ಹೇಗೆ

ಬಿಡಿ ಸ್ಕ್ರೂಗಳು, ಯಾವ ಬೀಗದ್ದೆಂದು ಗೊತ್ತಿಲ್ಲದ ಕೀಲಿ, ಅರ್ಧ ಮುಗಿದ ಟೇಪು, ಜೀವ ಇದೆಯೋ ಇಲ್ಲವೋ ತಿಳಿಯದ ಸೆಲ್ಲುಗಳು, ಎಂದೋ ಕೆಟ್ಟ ಯಂತ್ರದ ಅಡಾಪ್ಟರ್, ಯಾವುದರಿಂದಲೋ ಕಳಚಿದ ಪ್ಲಾಸ್ಟಿಕ್ ತುಂಡು. ಇಂಥ ಒಂದು ಡ್ರಾಯರ್ ಇಲ್ಲದ ಮನೆ ಸಿಗುವುದು ಕಷ್ಟ, ಇರಲೂಬೇಕು. ಎಲ್ಲವನ್ನೂ ಎಸೆದು ಕೈತೊಳೆದುಕೊಂಡವರು ತಿಂಗಳೊಳಗೆ ಒಂದು ವಾಷರಿಗಾಗಿ ಅಂಗಡಿ ಅಲೆಯುತ್ತಾರೆ. ಆದರೆ ಗುರುತು ಇಲ್ಲದ ಸಾಮಾನು ಇದ್ದರೂ ಇಲ್ಲದಂತೆಯೇ. ಆದ್ದರಿಂದ ಮುಂದೆ ಹೇಳುವ ಕೆಲಸದಲ್ಲಿ ಅಚ್ಚುಕಟ್ಟಿಗೆ ಎರಡನೇ ಸ್ಥಾನ. ಪ್ರತಿ ವಸ್ತುವೂ ಯಾವುದಕ್ಕೆ ಸೇರಿದ್ದು, ಕೆಲಸ ಮಾಡುತ್ತದೆಯೇ ಎಂಬುದನ್ನು ತಿಳಿದು ಬರೆದಿಡುವುದೇ ಮುಖ್ಯ.

ಮೊದಲೇ ಒಂದು ಎಚ್ಚರಿಕೆ: ಖಾನೆಖಾನೆಯ ಚಂದದ ಪೆಟ್ಟಿಗೆ ಕೊಂಡು ಆಮೇಲೆ ವಿಂಗಡಿಸಲು ಕೂರಬೇಡಿ. ಖಾನೆ ಎಷ್ಟಿದೆಯೋ ಅಷ್ಟನ್ನೂ ತುಂಬಿಸುವ ಆಸೆ ಬರುತ್ತದೆ, ಎಸೆಯಬೇಕಾದದ್ದೂ ಒಳಗೆ ಉಳಿಯುತ್ತದೆ. ಏನೇನು ಉಳಿಯಿತು ಎಂದು ತಿಳಿದ ಮೇಲೆ ಪೆಟ್ಟಿಗೆಯ ಲೆಕ್ಕ ಹಾಕಿ.

ಬೇಕಾದದ್ದು ಇಷ್ಟು: ತಿಳಿಬಣ್ಣದ ಹಳೆಯ ಬೆಡ್‌ಶೀಟು, ಏಳೆಂಟು ಚಪ್ಪಟೆ ಮುಚ್ಚಳ ಅಥವಾ ತಟ್ಟೆ, ಒಂದು ಅಯಸ್ಕಾಂತ, ಮಿಲಿಮೀಟರ್ ಗೆರೆಯಿರುವ ಸ್ಕೇಲು, ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲಗಳು, ಕಾಗದದ ಚೀಟಿ, ಪೆನ್ಸಿಲ್, ಪಾರದರ್ಶಕ ಟೇಪು. ವೋಲ್ಟೇಜು ಅಳೆಯುವ ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಅನುಮಾನ ಅಲ್ಲೇ ಪರಿಹಾರ. ಮಿಲಿಮೀಟರಿನ ಭಾಗವನ್ನೂ ಅಳೆಯುವ ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಂದು ಡ್ರಾಯರಿಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಅರ್ಧಕ್ಕೆ ನಿಲ್ಲಿಸಿದರೆ ಎಲ್ಲವೂ ಒಟ್ಟಿಗೆ ಡ್ರಾಯರಿಗೆ ವಾಪಸ್ಸಾಗುತ್ತದೆ.

ಮೊದಲ ಸುತ್ತು: ಅಪಾಯದ್ದನ್ನು ಎತ್ತಿ

ಬೆಡ್‌ಶೀಟಿನ ಮೇಲೆ ಸುರಿಯುವ ಮುನ್ನವೇ, ಡ್ರಾಯರಿನಲ್ಲಿರುವಾಗಲೇ ಬಿಡಿ ಬ್ಲೇಡು, ಸೂಜಿ, ಲೈಟರು, ಬೆಂಕಿಪೊಟ್ಟಣ, ಎಲ್ಲ ಬಗೆಯ ಸೆಲ್ಲು, ಬಾಯಿ ತೆರೆದ ಅಂಟಿನ ಟ್ಯೂಬು, ಮಾತ್ರೆಗಳನ್ನು ಹೊರಗೆ ತೆಗೆಯಿರಿ. ಕೈ ಹಾಕಿ ಕೆದಕಬೇಡಿ, ನೋಡಿ ಎತ್ತಿ. ಮಾತ್ರೆಗಳಿಗೆ ಈ ಡ್ರಾಯರಿನಲ್ಲಿ ಜಾಗವೇ ಇಲ್ಲ. ಹೊರಕವಚ ಹರಿದು ಹೆಸರು, ಅವಧಿ ಕಾಣದ ಮಾತ್ರೆ ಯಾರ ಉಪಯೋಗಕ್ಕೂ ಬಾರದು. ಬಳಸಿದ ಬ್ಲೇಡುಗಳನ್ನು ತಗಡಿನ ಡಬ್ಬದ ಮುಚ್ಚಳದಲ್ಲಿ ಸೀಳು ಮಾಡಿ ಒಳಗೆ ಹಾಕಿ, ತುಂಬಿದ ದಿನ ಸೀಳಿಗೆ ಟೇಪು ಸುತ್ತಿ ಡಬ್ಬದ ಸಮೇತ ವಿಲೇವಾರಿ ಮಾಡಿ.

ಸೆಲ್ಲುಗಳ ವಿಷಯ ಸ್ವಲ್ಪ ಉದ್ದ, ಏಕೆಂದರೆ ಈ ಡ್ರಾಯರಿನಲ್ಲಿ ನಿಜಕ್ಕೂ ಹಾನಿ ಮಾಡಬಲ್ಲ ವಸ್ತು ಅದೇ. 9 ವೋಲ್ಟಿನ ಚೌಕ ಬ್ಯಾಟರಿಯಲ್ಲಿ ಎರಡೂ ತುದಿಗಳು ಒಂದೇ ಕಡೆ, ಒಂದರ ಪಕ್ಕ ಒಂದು ಇವೆ. ಒಂದು ಕೀಲಿಯೋ ನಾಣ್ಯವೋ ಅಡ್ಡ ಬಿದ್ದರೆ ಶಾರ್ಟ್ ಆಗಿ ಬಿಸಿಯಾಗುತ್ತದೆ. ಪಾತ್ರೆ ಉಜ್ಜುವ ಉಕ್ಕಿನ ನಾರು ತಗುಲಿದರೆ ಕಿಡಿಯೇ ಹೊತ್ತುತ್ತದೆ. ಇಡುವುದಾದರೂ ಎಸೆಯುವುದಾದರೂ ತುದಿಗಳ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿ. ಇದೇ ಕಾರಣಕ್ಕೆ ಸೆಲ್ಲುಗಳನ್ನು ತಗಡಿನ ಡಬ್ಬದಲ್ಲಿ ಇಡಬಾರದು. ಪ್ಲಾಸ್ಟಿಕ್ ಡಬ್ಬದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಜೋಡಿಸಿ.

ನಾಣ್ಯದಾಕಾರದ ಸೆಲ್ಲುಗಳು ಮಕ್ಕಳಿರುವ ಮನೆಯಲ್ಲಿ ಕೈಗೆಟುಕುವಲ್ಲಿ ಇರಲೇಬಾರದು. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಮಾಡಬಲ್ಲದು. 20 ಮಿ.ಮೀ. ಅಗಲದ ಸಿಆರ್2032, ಸಿಆರ್2025 ಇವುಗಳಲ್ಲಿ ಹೆಚ್ಚು ಅಪಾಯಕಾರಿ. ಗಡಿಯಾರಕ್ಕೋ ರಿಮೋಟಿಗೋ ಸಾಲದಷ್ಟು ಇಳಿದ ಸೆಲ್ಲಿನಲ್ಲೂ ಗಾಯಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಳಸಿ ಮುಗಿದದ್ದನ್ನು ಎರಡೂ ಮುಖಕ್ಕೆ ಟೇಪು ಸುತ್ತಿ ಎತ್ತರದಲ್ಲಿಡಿ.

ಈ ಸೆಲ್ಲುಗಳ ಹೆಸರಿನಲ್ಲೇ ಅಳತೆ ಇದೆ: ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, ಸಿಆರ್2025 ಅಷ್ಟೇ ಅಗಲ, 2.5 ದಪ್ಪ. ಎರಡೂ 3 ವೋಲ್ಟೇ. ಆದರೆ ದಪ್ಪದ್ದರ ಜಾಗಕ್ಕೆ ತೆಳುವಾದದ್ದನ್ನು ಹಾಕಿದರೆ ಸ್ಪ್ರಿಂಗು ಸರಿಯಾಗಿ ತಾಗದೆ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ. ‘ರಿಮೋಟು ಕೆಟ್ಟಿದೆ’ ಎಂದು ಎಸೆಯುವ ಮುನ್ನ ಇದನ್ನೊಮ್ಮೆ ನೋಡಿ.

ಎಎ, ಎಎಎ ಸೆಲ್ಲುಗಳನ್ನು ಮಲ್ಟಿಮೀಟರಿನ ಡಿಸಿ ವೋಲ್ಟಿನಲ್ಲಿ ಅಳೆಯಿರಿ. ಆಲ್ಕಲೈನ್ ಸೆಲ್ಲು 1.5ಕ್ಕಿಂತ ಮೇಲಿದ್ದರೆ ಹೊಸದರಂತೆಯೇ. 1.3ರ ಆಸುಪಾಸು ಇದ್ದರೆ ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಇನ್ನೂ ಸ್ವಲ್ಪ ಕಾಲ ಆದೀತು. ಮೋಟರ್ ಇರುವ ಆಟಿಕೆಗೆ ಸಾಲದು. 1.1ಕ್ಕಿಂತ ಇಳಿದದ್ದನ್ನು ಇಟ್ಟುಕೊಳ್ಳಬೇಡಿ, ಸೋರುವುದು ಇವೇ. ಚಾರ್ಜು ಮಾಡುವ ನಿಕಲ್ ಸೆಲ್ಲುಗಳಿಗೆ ಈ ಲೆಕ್ಕ ಹಾಕಬೇಡಿ, ಅವುಗಳ ಸಹಜ ವೋಲ್ಟೇಜೇ 1.2. ಮೀಟರ್ ಇಲ್ಲದವರು ಆಲ್ಕಲೈನ್ ಸೆಲ್ಲನ್ನು ಎರಡು ಸೆಂ.ಮೀ. ಎತ್ತರದಿಂದ ಗಟ್ಟಿ ಮೇಜಿನ ಮೇಲೆ ನೆಟ್ಟಗೆ ಬಿಟ್ಟು ನೋಡುವುದುಂಟು. ಹೊಸದು ಧಪ್ಪೆಂದು ಕೂರುತ್ತದೆ, ಬಳಸಿದ್ದು ಪುಟಿಯುತ್ತದೆ. ಒಳಗಿನ ಸತುವಿನ ಹಿಟ್ಟು ಆಕ್ಸೈಡಾಗಿ ಗಟ್ಟಿಯಾಗುವುದೇ ಕಾರಣ. ಆದರೆ ಅರ್ಧ ಖಾಲಿಯಾಗುವ ವೇಳೆಗೇ ಪುಟಿತ ಶುರುವಾಗುವುದರಿಂದ ಪುಟಿದದ್ದೆಲ್ಲ ಸತ್ತಿದೆ ಎಂದುಕೊಳ್ಳಬಾರದು. ಹೊಸದಲ್ಲ ಎಂದಷ್ಟೇ ಅರ್ಥ.

ಹಳೆಯದು ಒಂದು, ಹೊಸದು ಒಂದು ಸೇರಿಸಿ ಹಾಕುವ ಉಳಿತಾಯ ಬೇಡ. ದುರ್ಬಲ ಸೆಲ್ಲು ಮೊದಲು ಖಾಲಿಯಾಗುತ್ತದೆ, ಉಳಿದದ್ದು ಅದರ ಮೂಲಕ ಉಲ್ಟಾ ಒತ್ತಡ ಹಾಕುತ್ತದೆ, ಅದು ಸೋರುತ್ತದೆ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಕೈಗವಸು ಹಾಕಿ, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ತುಸುವೇ ಅದ್ದಿ ಉಜ್ಜಿ. ನೊರೆ ನಿಂತ ಮೇಲೆ ಒದ್ದೆ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿಸಿ. ಸ್ಪ್ರಿಂಗು ಹಸಿರುಗಟ್ಟಿದ್ದರೆ ನಯವಾದ ಎಮರಿ ಕಾಗದದಿಂದ ಹೊಳಪು ಕಾಣುವವರೆಗೆ ತಿಕ್ಕಿ.

ಉಬ್ಬಿದ ಮೊಬೈಲ್ ಬ್ಯಾಟರಿ ಸಿಕ್ಕರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಸುಡುವ ವಸ್ತುಗಳಿಂದ ದೂರ ಇಟ್ಟು ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಕಡೆ ತಲುಪಿಸಿ.

ಸ್ಕ್ರೂ, ನಟ್ಟು, ಬೋಲ್ಟು

ಉಳಿದದ್ದನ್ನು ಈಗ ಬೆಡ್‌ಶೀಟಿನ ಮೇಲೆ ಸುರಿಯಿರಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ರಾಶಿಯ ಮೇಲೆ ಆಡಿಸಿದರೆ ಕಬ್ಬಿಣದ್ದೆಲ್ಲ ಮೇಲೆದ್ದು ಬರುತ್ತದೆ. ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಕೈಗೆ. ಹಿಂದೆ ಉಳಿಯುವ ಬೆಳ್ಳಿಬಣ್ಣದ ಸ್ಕ್ರೂಗಳು ಬಹುತೇಕ ಸ್ಟೇನ್‌ಲೆಸ್ ಸ್ಟೀಲು, ಹಳದಿಯವು ಹಿತ್ತಾಳೆ. ಇವನ್ನು ಬೇರೆ ಇಡಿ. ಬಚ್ಚಲು, ಬಾಲ್ಕನಿಯಂಥ ತೇವದ ಜಾಗಕ್ಕೆ ಬೇಕಾಗುವುದು ಇವೇ.

ಮುಂದೆ ನೋಡಬೇಕಾದದ್ದು ಥ್ರೆಡ್ಡು, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆ. ತುದಿ ಚೂಪಾಗಿ, ಥ್ರೆಡ್ಡು ಅಗಲ ಅಗಲವಾಗಿದ್ದರೆ ಮರಕ್ಕೆ, ಗೋಡೆಯ ಪ್ಲಗ್ಗಿಗೆ ಹಾಕುವಂಥದ್ದು. ತುದಿ ಚಪ್ಪಟೆಯಾಗಿ ಥ್ರೆಡ್ಡು ಒತ್ತೊತ್ತಾಗಿದ್ದರೆ ನಟ್ಟಿಗೋ ಥ್ರೆಡ್ಡು ಕೊರೆದ ರಂಧ್ರಕ್ಕೋ ಹೋಗುವ ಮಷೀನ್ ಸ್ಕ್ರೂ. ಮರದ ಸ್ಕ್ರೂಗಳನ್ನು ಉದ್ದದ ಮೇಲೆ ವಿಂಗಡಿಸಿದರೆ ಸಾಕು: 20 ಮಿ.ಮೀ. ಒಳಗಿನವು, 20ರಿಂದ 40, ಅದಕ್ಕೂ ಉದ್ದ. ಉದ್ದ ಅಳೆಯುವಾಗ ಒಂದು ಸೂಕ್ಷ್ಮವಿದೆ. ತಲೆ ಮರದೊಳಗೆ ಮುಳುಗುವ ಚಪ್ಪಟೆ ತಲೆಯ ಸ್ಕ್ರೂವನ್ನು ತಲೆ ಸೇರಿಸಿ ಅಳೆಯಬೇಕು; ತಲೆ ಹೊರಗುಳಿಯುವ ಗುಂಡು ತಲೆಯದ್ದನ್ನು ತಲೆಯ ಅಡಿಯಿಂದ.

ಮಷೀನ್ ಸ್ಕ್ರೂಗೆ ಉದ್ದಕ್ಕಿಂತ ಮೊದಲು ದಪ್ಪ ಮತ್ತು ಥ್ರೆಡ್ಡಿನ ಅಂತರ ತಿಳಿಯಬೇಕು. ವರ್ನಿಯರಿನಲ್ಲಿ ಥ್ರೆಡ್ಡಿನ ಹೊರಮೈ ಅಳೆದರೆ ಎಂ4, ಅಂದರೆ 4 ಮಿ.ಮೀ. ದಪ್ಪದ ಸ್ಕ್ರೂ 3.9ರ ಆಸುಪಾಸು ತೋರಿಸುತ್ತದೆ, ತುಸು ಕಡಿಮೆ ಬರುವುದು ಸಹಜ. ವರ್ನಿಯರ್ ಇಲ್ಲದಿದ್ದರೆ ಸ್ಕೇಲಿಟ್ಟು ಹತ್ತು ಥ್ರೆಡ್ಡು ಎಷ್ಟು ದೂರ ಹಿಡಿಯುತ್ತದೆ ನೋಡಿ: ಎಂ3ಗೆ 5 ಮಿ.ಮೀ., ಎಂ4ಗೆ 7, ಎಂ5ಗೆ 8, ಎಂ6ಗೆ 10. ನಟ್ಟಿನ ಅಳತೆ ಸ್ಪ್ಯಾನರಿನಿಂದಲೇ ಗೊತ್ತಾಗುತ್ತದೆ. ಎಂ3 ನಟ್ಟಿಗೆ 5.5ರ ಸ್ಪ್ಯಾನರ್, ಎಂ4ಗೆ 7, ಎಂ5ಗೆ 8, ಎಂ6ಗೆ 10, ಎಂ8ಗೆ 13. ಪ್ರತಿ ಅಳತೆಯ ಒಂದು ಬೋಲ್ಟು, ಒಂದು ನಟ್ಟು ಜೋಡಿಯನ್ನು ದಪ್ಪ ರಟ್ಟಿಗೆ ಸಿಕ್ಕಿಸಿ ಹೆಸರು ಬರೆದಿಟ್ಟರೆ ಮುಂದೆ ಎಂದೂ ಸ್ಕೇಲು ಹುಡುಕಬೇಕಿಲ್ಲ. ಹೊಸದು ಸಿಕ್ಕಾಗ ಈ ರಟ್ಟಿನ ಮೇಲಿನ ಜೋಡಿಗೆ ಹಾಕಿ ತಿರುಗಿಸಿದರೆ ಮುಗಿಯಿತು.

ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಸ್ಕ್ರೂಡ್ರೈವರ್ ಹಿಡಿದು ಬಲ ಹಾಕಬೇಡಿ. ಅದು ಇಂಚಿನ ಲೆಕ್ಕದ ಥ್ರೆಡ್ಡು ಇರಬಹುದು. ಕ್ಯಾಮೆರಾ ಟ್ರೈಪಾಡಿನ ಸ್ಕ್ರೂ ಕಾಲು ಇಂಚು, ಅಂದರೆ 6.35 ಮಿ.ಮೀ. ನೋಡಲು ಎಂ6ನಂತೆಯೇ ಕಂಡರೂ ಒಂದಕ್ಕೊಂದು ಕೂಡುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಂತೂ ಎರಡೂ ಬಗೆ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. 3.5 ಇಂಚಿನ ಹಾರ್ಡ್ ಡಿಸ್ಕಿಗೆ, ಪವರ್ ಸಪ್ಲೈಗೆ ಅಗಲ ಥ್ರೆಡ್ಡಿನ ಇಂಚಿನ ಸ್ಕ್ರೂ; 2.5 ಇಂಚಿನ ಎಸ್‌ಎಸ್‌ಡಿಗೆ ಒತ್ತು ಥ್ರೆಡ್ಡಿನ ಎಂ3. ಅದಲುಬದಲಾದರೆ ಥ್ರೆಡ್ಡು ತಿಂದುಹೋಗುತ್ತದೆ. ಇವನ್ನು ಉಳಿದ ಸ್ಕ್ರೂಗಳ ಜೊತೆ ಬೆರೆಸದೆ ‘ಕಂಪ್ಯೂಟರ್’ ಎಂದು ಬರೆದ ಚೀಲದಲ್ಲೇ ಇಡಿ. ಲ್ಯಾಪ್‌ಟಾಪಿನ ಎಂ2, ಎಂ2.5 ಸ್ಕ್ರೂಗಳಲ್ಲಿ ಉದ್ದವೂ ಮುಖ್ಯ: 3 ಮಿ.ಮೀ. ಇರಬೇಕಾದಲ್ಲಿ 6 ಮಿ.ಮೀ. ಹಾಕಿದರೆ ತುದಿ ಒಳಗಿನ ಬೋರ್ಡಿಗೆ ಹೋಗಿ ನಾಟಬಹುದು.

ತಲೆಯ ಗುರುತನ್ನೂ ನೋಡಿಕೊಳ್ಳಿ. ಅಡ್ಡಗೀಟಿನ ಪ್ಲಸ್ಸಿನ ನಡುವೆ ಇನ್ನೊಂದು ತೆಳು ಪ್ಲಸ್ಸು ಕೊರೆದಿದ್ದರೆ ಅದು ಪೋಜಿಡ್ರೈವ್. ಮಾಮೂಲು ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಜಾರಿ ತಲೆಯನ್ನೇ ಸವೆಸುತ್ತದೆ. ಈಗಾಗಲೇ ತಲೆ ಸವೆದ, ಬಾಗಿದ, ತುಕ್ಕು ಹಿಡಿದ ಸ್ಕ್ರೂಗಳನ್ನು ಕರುಣೆಯಿಲ್ಲದೆ ಎಸೆಯಿರಿ. ಅವು ಒಳಗೆ ಹೋಗುವಾಗ ಹೋದಾವು, ಹೊರಗೆ ಬರುವಾಗ ಬರುವುದಿಲ್ಲ.

ಅಡಾಪ್ಟರು ಮತ್ತು ಕೇಬಲ್ಲು

ಪ್ರತಿ ಅಡಾಪ್ಟರಿನ ಮೇಲೆ ಔಟ್‌ಪುಟ್ ಎಂಬ ಸಾಲಿದೆ. ಅದನ್ನು ಭೂತಗನ್ನಡಿ ಹಿಡಿದಾದರೂ ಓದಿ. ಯಂತ್ರ ಕೇಳುವ ವೋಲ್ಟೇಜೂ ಅಡಾಪ್ಟರಿನ ವೋಲ್ಟೇಜೂ ಒಂದೇ ಇರಬೇಕು. ಆಂಪಿಯರ್ ಮಾತ್ರ ಸಮ ಅಥವಾ ಹೆಚ್ಚು ಇದ್ದರೆ ಸರಿ: 12 ವೋಲ್ಟ್ 1 ಆಂಪಿಯರ್ ಕೇಳುವ ರೌಟರಿಗೆ 12 ವೋಲ್ಟ್ 2 ಆಂಪಿಯರಿನದು ನಡೆಯುತ್ತದೆ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಆಂಪಿಯರಿನದು ಹಾಕಿದರೆ ಅಡಾಪ್ಟರ್ ಬಿಸಿಯಾಗುತ್ತದೆ, ರೌಟರು ತಾನಾಗಿ ಆಫ್ ಆಗಿ ಆನ್ ಆಗುತ್ತಿರುತ್ತದೆ. ಮೂರನೆಯದು ಪ್ಲಸ್ಸು ಮೈನಸ್ಸಿನ ಚಿತ್ರ. ನಡುವಿನ ಚುಕ್ಕಿಗೆ ಪ್ಲಸ್ಸು ಸೇರಿರುವುದೇ ಹೆಚ್ಚು, ಆದರೆ ಗಿಟಾರಿನ ಪೆಡಲಿನಂಥ ಕೆಲವಕ್ಕೆ ನಡುವೆ ಮೈನಸ್ಸು. ಔಟ್‌ಪುಟ್ ಸಾಲಿನಲ್ಲಿ ವೋಲ್ಟೇಜಿನ ಪಕ್ಕ ಅಲೆಯ ಗುರುತಿದ್ದರೆ ಅದು ಎಸಿ ಕೊಡುವ ಅಡಾಪ್ಟರ್, ಡಿಸಿ ಯಂತ್ರಕ್ಕೆ ಹಾಕಲೇಬಾರದು.

ದುಂಡು ಪಿನ್ನಿನ ಗೊಂದಲ ಇನ್ನೊಂದು. ಹೊರಗಿನಿಂದ ಒಂದೇ ರೀತಿ ಕಾಣುವ 5.5 ಮಿ.ಮೀ. ಪ್ಲಗ್ಗಿನಲ್ಲಿ ಒಳರಂಧ್ರ 2.1 ಮಿ.ಮೀ., 2.5 ಮಿ.ಮೀ. ಎಂದು ಎರಡು ಬಗೆ. 2.1ರದು 2.5ರ ಪಿನ್ನಿಗೆ ಹೋಗುವುದೇ ಇಲ್ಲ. 2.5ರದು 2.1ರ ಪಿನ್ನಿಗೆ ಹೋಗಿ ಕೂರುತ್ತದೆ, ಆದರೆ ಸಡಿಲ. ವೈರು ಅಲುಗಾಡಿಸಿದಾಗಲೆಲ್ಲ ಕರೆಂಟು ಹೋಗಿ ಬಂದರೆ ಇದನ್ನು ಅನುಮಾನಿಸಿ.

ಯಂತ್ರ ಗೊತ್ತಿರುವ ಅಡಾಪ್ಟರಿಗೆ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಮೈಗೇ ಅಂಟಿಸಿ. ಯಂತ್ರ ಮನೆಯಲ್ಲಿಲ್ಲದಿದ್ದರೆ ಸಾಮಾನ್ಯ 5, 9, 12 ವೋಲ್ಟಿನವುಗಳಲ್ಲಿ ಒಂದೊಂದು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡಿ. ಯುಎಸ್‌ಬಿ ಕೇಬಲ್ಲುಗಳು ಪ್ರತಿ ಬಗೆಯದು ಎರಡು ಸಾಕು. ಆ ಎರಡನ್ನು ಆರಿಸುವ ಮೊದಲು ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಫೈಲು ಕಾಣುತ್ತದೆಯೇ ನೋಡಿ. ಚಾರ್ಜು ಮಾತ್ರ ಮಾಡುವ, ಡೇಟಾ ತಂತಿಯೇ ಇಲ್ಲದ ಕೇಬಲ್ಲುಗಳು ಈ ರಾಶಿಯಲ್ಲಿ ಧಾರಾಳ. ಅಡಾಪ್ಟರಿನ ಮೈಗೆ ವೈರನ್ನು ಬಿಗಿಯಾಗಿ ಸುತ್ತಬೇಡಿ, ಬುಡದಲ್ಲೇ ತಂತಿ ಮುರಿಯುತ್ತದೆ. ಅಂಗೈ ಅಗಲದ ಸಡಿಲ ಸುರುಳಿ ಮಾಡಿ ಬಟ್ಟೆಯ ಪಟ್ಟಿಯಿಂದ ಕಟ್ಟಿ.

ಅಂಟು, ಟೇಪು, ರಬ್ಬರ್ ಬ್ಯಾಂಡು, ಇತ್ಯಾದಿ

ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿಯ ತೇವದಿಂದ. ತೆರೆಯದ ಟ್ಯೂಬು ಫ್ರಿಜ್ಜಿನಲ್ಲಿ ಹೆಚ್ಚು ಕಾಲ ಬಾಳುತ್ತದೆ, ತೆರೆಯುವ ಮುನ್ನ ಮಾತ್ರ ಹೊರಗಿಟ್ಟು ಕೋಣೆಯ ಬಿಸುಪಿಗೆ ಬರಲು ಬಿಡಬೇಕು. ಇಲ್ಲದಿದ್ದರೆ ತಣ್ಣನೆಯ ಟ್ಯೂಬಿನ ಮೇಲೆ ನೀರ ಹನಿ ಕಟ್ಟಿ ಒಳಗೂ ಸೇರುತ್ತದೆ. ತೆರೆದದ್ದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ನೆಟ್ಟಗೆ ನಿಲ್ಲಿಸಿ. ಚೆಲ್ಲಿದ್ದನ್ನು ಹತ್ತಿಯಿಂದಲೋ ಹತ್ತಿಬಟ್ಟೆಯಿಂದಲೋ ಒರೆಸಬೇಡಿ. ಹತ್ತಿ ತಾಗಿದ ಕೂಡಲೇ ಅದು ವೇಗವಾಗಿ ಗಟ್ಟಿಯಾಗಿ ಕೈ ಸುಡುವಷ್ಟು ಬಿಸಿಯಾಗುತ್ತದೆ.

ರಬ್ಬರ್ ಬ್ಯಾಂಡು ಬೆಳಕು, ಬಿಸಿ, ಗಾಳಿಗೆ ಹಳಸುತ್ತದೆ. ಮೊದಲು ಅಂಟಂಟು, ಆಮೇಲೆ ಗರಿಗರಿ. ಫೋಟೋ, ಕಾಗದಪತ್ರಗಳಿಗೆ ಸುತ್ತಿದ್ದರೆ ಈಗಲೇ ಬಿಚ್ಚಿ. ಬೆಳ್ಳಿಯ ವಸ್ತುವಿಗೆ ಸುತ್ತಿದ್ದರೆ ರಬ್ಬರಿನ ಗಂಧಕ ಅದನ್ನು ಕಪ್ಪು ಮಾಡಿರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಎಷ್ಟು ಹಳೆಯದಾದರೂ ಕೆಡುವುದಿಲ್ಲ, ಇಟ್ಟುಕೊಳ್ಳಿ. ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೂರು ನಾಲ್ಕು ಸುತ್ತು ಬರಲಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹೊರಬರುತ್ತದೆ.

ಗಾಜಿನ ಫ್ಯೂಸು ಸಿಕ್ಕರೆ ಲೋಹದ ತುದಿಯ ಮೇಲೆ ಕೊರೆದಿರುವ ಆಂಪಿಯರನ್ನು ಓದಿ, ಮಲ್ಟಿಮೀಟರಿನ ಬೀಪಿನಲ್ಲಿ (ತಂತಿ ತುಂಡಾಗದಿದ್ದರೆ ಸದ್ದು ಮಾಡುವ ಸ್ಥಾನದಲ್ಲಿ) ಪರೀಕ್ಷಿಸಿ. ಸುಟ್ಟದ್ದರ ಜಾಗಕ್ಕೆ ಹೆಚ್ಚು ಆಂಪಿಯರಿನದು ಹಾಕುವುದು ಫ್ಯೂಸೇ ಇಲ್ಲದೆ ಬಳಸಿದಂತೆ. ‘ಟಿ’ ಗುರುತಿನದು ನಿಧಾನಕ್ಕೆ, ‘ಎಫ್’ ಗುರುತಿನದು ತಕ್ಷಣ ಸುಡುವಂಥದ್ದು, ಇವನ್ನೂ ಬೆರೆಸಬೇಡಿ.

ಗುಂಡಿಗಳು ಸುಲಭ. ಅಂಗಿಯ ಮುಂಭಾಗದ ಗುಂಡಿ ಸಾಮಾನ್ಯವಾಗಿ 11 ಮಿ.ಮೀ.ಗೆ ತುಸು ಮೇಲೆ, ಕಾಲರಿನದು ಅದಕ್ಕಿಂತ ಚಿಕ್ಕದು. ಹೊಸ ಬಟ್ಟೆಯ ಜೊತೆ ಬರುವ ಹೆಚ್ಚುವರಿ ಗುಂಡಿಯನ್ನು ಡ್ರಾಯರಿಗೆ ತರಲೇಬೇಡಿ, ಆ ಬಟ್ಟೆಯ ಒಳಹೊಲಿಗೆಗೇ ಹೊಲಿದುಬಿಡಿ. ಅಂಗಡಿಯ ನುಣುಪು ರಸೀದಿಗಳು ಬಿಸಿಗೆ, ಪ್ಲಾಸ್ಟಿಕ್ ಚೀಲದ ಸಂಗಕ್ಕೆ ಮಾಸಿ ಬೆಳ್ಳಗಾಗುತ್ತವೆ. ಗ್ಯಾರಂಟಿ ಇರುವ ಸಾಮಾನಿನದಾದರೆ ಫೋಟೋ ತೆಗೆದಿಡಿ.

ಕೀಲಿಗಳನ್ನು ಗೊಂಚಲು ಮಾಡಿಕೊಂಡು ಮನೆಯ ಪ್ರತಿ ಬೀಗ, ಬೀರು, ಪೆಟ್ಟಿಗೆ, ಸೂಟ್‌ಕೇಸಿಗೆ ಹಾಕಿ ನೋಡುತ್ತಾ ಒಂದು ಸುತ್ತು ಬನ್ನಿ. ಬೀರು, ಮೇಜಿನ ಕೀಲಿಯ ಮೇಲೆ ಕೊರೆದ ಸಂಖ್ಯೆ ಎಷ್ಟೋ ಸಲ ಬೀಗದ ಮುಖದ ಮೇಲೂ ಇರುತ್ತದೆ, ಅದನ್ನು ಮೊದಲು ಹುಡುಕಿ. ಚೀಟಿಯಲ್ಲಿ ‘ಹಿಂಬಾಗಿಲು’ ಎಂದು ಬರೆಯದೆ ನಿಮಗೆ ಮಾತ್ರ ತಿಳಿಯುವ ಗುರುತು ಬರೆಯಿರಿ. ಕಳೆದುಹೋದರೆ ಸಿಕ್ಕವರಿಗೆ ದಾರಿ ತೋರಿಸಬಾರದು.

ಗುರುತು, ಜಾಗ, ಗಡುವು

ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಚೀಲದ ಒಳಗೆ ಹಾಕಿ. ಪ್ಲಾಸ್ಟಿಕ್ಕಿನ ಮೇಲಿನ ಮಾರ್ಕರ್ ಬರಹ ಉಜ್ಜಿಹೋಗುತ್ತದೆ, ಶಾಯಿ ಮಾಸುತ್ತದೆ, ಪೆನ್ಸಿಲು ಉಳಿಯುತ್ತದೆ. ಬರೆಯಬೇಕಾದದ್ದು ಮೂರು: ಯಾವ ಯಂತ್ರದ್ದು ಅಥವಾ ಪೀಠೋಪಕರಣದ್ದು, ಅದರ ಯಾವ ಭಾಗದ್ದು, ಯಾವ ವರ್ಷ ಬಂದದ್ದು. ‘ಸ್ಕ್ರೂಗಳು’ ಎಂದಷ್ಟೇ ಬರೆದ ಚೀಟಿಗೆ ಬೆಲೆಯಿಲ್ಲ, ಅದು ಚೀಲದ ಹೊರಗಿನಿಂದಲೇ ಕಾಣುತ್ತದೆ. ‘ಟಿವಿ, ಸ್ಟ್ಯಾಂಡಿನ ಸ್ಕ್ರೂ, 2023’ ಎಂದಿದ್ದರೆ ಮನೆ ಬದಲಿಸುವ ದಿನ ಉಪಯೋಗಕ್ಕೆ ಬರುತ್ತದೆ.

ಡ್ರಾಯರಿನಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಕೆಳಗಿನ ಪದರ ಆರು ತಿಂಗಳಲ್ಲಿ ಮರೆತುಹೋಗುತ್ತದೆ. ಐದಾರು ಸೆಂ.ಮೀ. ಎತ್ತರದ ತಟ್ಟೆಗಳು ಒಂದೇ ಪದರದಲ್ಲಿರಲಿ. ವಾರಕ್ಕೊಮ್ಮೆ ಕೈ ಹಾಕುವ ಕತ್ತರಿ, ಟೇಪು, ಸ್ಕ್ರೂಡ್ರೈವರ್ ಮುಂದೆ. ವರ್ಷಕ್ಕೊಮ್ಮೆ ನೋಡುವ ಚೀಲಗಳು ಹಿಂದೆ, ಪುಸ್ತಕದಂತೆ ನಿಲ್ಲಿಸಿ, ಚೀಟಿ ಮೇಲೆ ಕಾಣುವ ಹಾಗೆ.

ಎಷ್ಟು ಜಾಲಾಡಿದರೂ ಗುರುತು ಸಿಗದ ಒಂದಿಷ್ಟು ಉಳಿದೇ ಉಳಿಯುತ್ತದೆ. ಇಲ್ಲಿ ಎರಡು ನ್ಯಾಯ. ಎಲ್ಲೂ ಸಿಗುವ ಸಾಮಾನು, ಉದಾಹರಣೆಗೆ ಮೊಳೆ, ಕೊಂಡಿ, ವಾಷರ್ ಆದರೆ ಅಳತೆಗೊಂದಿಷ್ಟು ಇಟ್ಟು ಉಳಿದದ್ದು ಬಿಡಿ. ವಿಚಿತ್ರ ಆಕಾರದ ಅಚ್ಚಿನ ಪ್ಲಾಸ್ಟಿಕ್, ಬಾಗಿಸಿದ ತಗಡು, ಚಿಕ್ಕ ಗೇರು, ವಿಶೇಷ ಸ್ಪ್ರಿಂಗು ಆದರೆ ಬೇಗ ಎಸೆಯಬೇಡಿ. ಅದು ಯಾವುದೋ ಒಂದಕ್ಕೆ ಮಾತ್ರ ಸೇರಿದ್ದು, ಬೇರೆಲ್ಲೂ ಸಿಗದು. ಅಂಥವನ್ನು ಒಂದೇ ಡಬ್ಬಕ್ಕೆ ಹಾಕಿ ಮೇಲೆ ಇವತ್ತಿನ ದಿನಾಂಕ ಬರೆಯಿರಿ. ಮನೆಯಲ್ಲಿ ಏನಾದರೂ ಅಲುಗಾಡಲು, ಸದ್ದು ಮಾಡಲು ಶುರುವಾದರೆ ಮೊದಲು ನೋಡಬೇಕಾದದ್ದು ಈ ಡಬ್ಬ. ಒಂದು ವರ್ಷ ಯಾರೂ ಕೇಳದಿದ್ದರೆ ಖಾಲಿ ಮಾಡಿ.

ಹೊಸ ಯಂತ್ರ ಅಥವಾ ಪೀಠೋಪಕರಣ ಮನೆಗೆ ಬಂದ ದಿನವೇ ಅದರ ಜೊತೆ ಬಂದ ಅಲೆನ್ ಕೀ, ಹೆಚ್ಚುವರಿ ಸ್ಕ್ರೂ, ಕೈಪಿಡಿ ಎಲ್ಲವೂ ಒಂದೇ ಚೀಲಕ್ಕೆ ಹೋಗಲಿ. ಮೇಜು, ಮಂಚ, ಕಪಾಟಿನದಾದರೆ ಆ ಚೀಲವನ್ನು ಡ್ರಾಯರಿನ ಬದಲು ಅದರ ಅಡಿಭಾಗಕ್ಕೇ ಟೇಪಿನಿಂದ ಅಂಟಿಸಿಬಿಡಿ. ಆ ವಸ್ತು ಮಾರಿದಾಗಲೋ ಕೊಟ್ಟಾಗಲೋ ಚೀಲವೂ ಅದರ ಜೊತೆಗೇ ಹೋಗಬೇಕು. ಡ್ರಾಯರ್ ಮತ್ತೆ ತುಂಬುವುದು ಹೆಚ್ಚಾಗಿ ಇಂಥ ಅನಾಥ ಚೀಲಗಳಿಂದಲೇ.